ಟ್ಯಾಂಕಿನ ಕಲ್ಲಿಗೆ ಹಿಡಿದ ಪಾಚಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಮೀನು ಸಾಕುವವರು ಎದುರಿಗೆ ಸಿಕ್ಕಾಗ, ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಪಾಚಿಯದ್ದೇ. ಗಾಜಿನ ಪಾಚಿ ಒರೆಸಿದರೆ ಹೋಗುತ್ತದೆ. ಎಲೆಗೆ ಹಿಡಿದರೆ ಎಲೆಯನ್ನೇ ಕತ್ತರಿಸಬಹುದು. ಕಲ್ಲಿನ ಸಂದುಗೊಂದಿಗೆ ಇಳಿದದ್ದು ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಹಲವರು ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಹೇಳಿರುವುದೆಲ್ಲ ಸಿಹಿನೀರಿನ ಟ್ಯಾಂಕಿಗೆ. ಉಪ್ಪುನೀರಿನವರಿಗೆ ಒಂದು ಪ್ರಶ್ನೆ ಕೊನೆಯ ಹತ್ತಿರ ಇದೆ, ಅದನ್ನು ದಯವಿಟ್ಟು ಬಿಡದೆ ಓದಿ.

## ಮೊದಲ ಸಲ ತೊಳೆಯುವವರಿಗೆ

ಕಲ್ಲೆಲ್ಲ ಹಸಿರಾಗಿದೆ. ಇದರಿಂದ ಮೀನಿಗೆ ತೊಂದರೆ ಆಗುತ್ತಾ?

ಇಲ್ಲ. ಕಲ್ಲಿನ ಮೇಲಿನ ತೆಳು ಹಸಿರು ಪಾಚಿ ಮೀನಿಗೆ ಏನೂ ಮಾಡುವುದಿಲ್ಲ. ಎಷ್ಟೋ ಮೀನುಗಳು ಅದನ್ನು ಕೆರೆದು ತಿನ್ನುತ್ತವೆ. ಹೊಳೆಯಲ್ಲಿ ಪಾಚಿ ಇಲ್ಲದ ಕಲ್ಲು ಎಲ್ಲಿದೆ ಹೇಳಿ? ಆದರೆ ದಿಢೀರನೆ ಜಾಸ್ತಿ ಆದರೆ ಅದನ್ನು ಸುದ್ದಿ ಅಂತ ತಿಳಿಯಿರಿ. ನೀರಲ್ಲಿ ಗೊಬ್ಬರದ ಅಂಶ ಹೆಚ್ಚಾಗಿದೆ, ಇಲ್ಲವೇ ಬೆಳಕು ಹೆಚ್ಚಾಗಿದೆ. ಕಲ್ಲು ತೊಳೆಯುವುದರ ಜೊತೆಗೆ ಅದನ್ನೂ ನೋಡಬೇಕು.

ಟ್ಯಾಂಕ್ ಇಟ್ಟು ತಿಂಗಳೂ ಆಗಿಲ್ಲ, ಆಗಲೇ ಕಂದು ಬಣ್ಣದ ಧೂಳು ಕೂತಿದೆ. ಏನಿದು?

ಅದು ಡಯಾಟಮ್. ಹೊಸ ಟ್ಯಾಂಕಿನಲ್ಲಿ ಬಹುತೇಕ ಎಲ್ಲರಿಗೂ ಬರುತ್ತದೆ. ನೀರಿನಲ್ಲಿ, ಹೊಸ ಮರಳಿನಲ್ಲಿ ಇರುವ ಸಿಲಿಕಾ ಬಳಸಿ ತನ್ನ ಸುತ್ತ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮಜೀವಿ ಅದು. ಬೆರಳಲ್ಲಿ ಉಜ್ಜಿದರೆ ಪುಡಿಯ ಹಾಗೆ ಎದ್ದು ಹೋಗುತ್ತದೆ. ಅದಕ್ಕಾಗಿ ಕಲ್ಲು ಹೊರಗೆ ತೆಗೆಯಬೇಡಿ, ಔಷಧಿ ಹಾಕಬೇಡಿ. ಟ್ಯಾಂಕ್ ಹದಕ್ಕೆ ಬಂದಂತೆ ಕೆಲವು ವಾರದಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಕಲ್ಲು ತೊಳೆಯೋಕೆ ಏನೇನು ಬೇಕು? ಹೇಗೆ ಶುರು ಮಾಡಲಿ?

ಎರಡು ಬಕೆಟ್, ಹಲ್ಲುಜ್ಜುವ ಒಂದು ಹೊಸ ಬ್ರಷ್, ಒಂದು ಪೈಪು. ಇಷ್ಟೇ. ಬಕೆಟ್ ಮಾತ್ರ ಮೀನಿನ ಕೆಲಸಕ್ಕೇ ಮೀಸಲಿರಲಿ, ಬಟ್ಟೆ ನೆನೆಸುವ ಬಕೆಟ್ ಬೇಡವೇ ಬೇಡ. ಪಾತ್ರೆ ತಿಕ್ಕಿದ ನಾರು, ಸ್ಟೀಲ್ ಸ್ಕ್ರಬ್ ಕೂಡ ಬೇಡ. ನಾರಿನಲ್ಲಿ ಸೋಪು ಉಳಿದಿರುತ್ತದೆ. ಸ್ಟೀಲಿನ ಎಳೆ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ತುಕ್ಕು ಹಿಡಿಯುತ್ತದೆ.

ಮೊದಲು ಹೀಟರ್, ಫಿಲ್ಟರ್, ಲೈಟು ಎಲ್ಲದರ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಆಮೇಲೆ ಕೈ ಹಾಕಿ. ಪೈಪಿನಿಂದ ಟ್ಯಾಂಕಿನ ನೀರನ್ನೇ ಎರಡೂ ಬಕೆಟ್ಟಿಗೆ ಅರ್ಧರ್ಧ ತುಂಬಿ. ವಾರದ ನೀರು ಬದಲಾಯಿಸುವ ದಿನವೇ ಈ ಕೆಲಸ ಇಟ್ಟುಕೊಂಡರೆ ಹೇಗೂ ತೆಗೆಯುವ ನೀರು ಉಪಯೋಗಕ್ಕೆ ಬರುತ್ತದೆ.

ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಎತ್ತಿ. ನೀರಿನ ಮಟ್ಟದಲ್ಲೇ ಒಂದು ನಿಮಿಷ ಓರೆ ಮಾಡಿ ಹಿಡಿದು ತೂತುಗಳನ್ನು ನೋಡಿ. ನನ್ನ ಕೈಗೆ ಒಮ್ಮೆ ಕಲ್ಲಿನ ಜೊತೆ ಕೂಲಿ ಲೋಚ್ ಒಂದು ಬಂದಿತ್ತು. ಬೆರಳುದ್ದದ ಮೀನು, ತೂತಿನೊಳಗೆ ಸುರುಳಿ ಸುತ್ತಿ ಕೂತಿತ್ತು. ಬ್ರಷ್ ತಾಗಿದ ಮೇಲೆಯೇ ಅಲ್ಲಾಡಿದ್ದು.

ಮೊದಲ ಬಕೆಟ್ಟಿನಲ್ಲಿ ಕಲ್ಲು ಮುಳುಗಿಸಿ, ನೀರಿನೊಳಗೇ ಉಜ್ಜಿ. ಒಂದೇ ದಿಕ್ಕಿಗೆ ಎಳೆಯುವುದಕ್ಕಿಂತ ಸಣ್ಣ ಸಣ್ಣ ಸುತ್ತು ಹಾಕಿ ಉಜ್ಜಿದರೆ ಸಂದಿಯೊಳಗಿನದೂ ಬರುತ್ತದೆ. ನೀರು ಹಸಿರು ಮೋಡದ ಹಾಗೆ ಆಗುತ್ತದೆ, ಮಳೆಗಾಲದ ಕೆರೆದಂಡೆಯ ವಾಸನೆ ಬರುತ್ತದೆ. ಗ್ರಾನೈಟ್ ಆದರೆ ಅದರ ಕಣಗಳ ಮಿನುಗು ಅಲ್ಲಲ್ಲಿ ಕಾಣಲು ಶುರುವಾದ ಕೂಡಲೇ ಸಾಕು ಮಾಡಿ. ಎರಡನೇ ಬಕೆಟ್ಟಿನಲ್ಲಿ ಒಮ್ಮೆ ಅದ್ದಿ ತೆಗೆದು ಮೊದಲಿದ್ದ ಜಾಗದಲ್ಲೇ ಕೂರಿಸಿ. ಅಡಿಪಾಯದ ದೊಡ್ಡ ಕಲ್ಲನ್ನು ಮಾತ್ರ ಅಲ್ಲಾಡಿಸಬೇಡಿ, ಅದನ್ನು ಟ್ಯಾಂಕಿನೊಳಗೇ ಉಜ್ಜಿ. ಮೇಲಿನ ಕಲ್ಲು ಜಾರಿ ಬಿದ್ದರೆ ಗಾಜು ಒಡೆಯುತ್ತದೆ.

ಬಕೆಟ್ಟಿನ ಕೊಳೆ ನೀರನ್ನು ಚೆಲ್ಲಬೇಡಿ. ಕರಿಬೇವಿನ ಗಿಡಕ್ಕೋ ದಾಸವಾಳಕ್ಕೋ ಹಾಕಿ, ಅದಕ್ಕಿಂತ ಒಳ್ಳೆ ಗೊಬ್ಬರದ ನೀರಿಲ್ಲ.

ಸೋಪಲ್ಲಿ ತೊಳೆದು ಹತ್ತು ಸಲ ಜಾಲಿಸಿದ್ರೂ ಆಗಲ್ವಾ? ಹೋಗ್ಲಿ, ಸೀಗೆಪುಡಿ, ಅಂಟುವಾಳ? ಅವು ಗಿಡದ್ದೇ ಅಲ್ವಾ?

ಸೋಪು ಬೇಡ. ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಉಳಿದದ್ದು ಹತ್ತು ಸಲ ಜಾಲಿಸಿದರೂ ಪೂರ್ತಿ ಹೋಗುವುದಿಲ್ಲ. ಮೀನಿನ ಕಿವಿರು ತುಂಬಾ ನಾಜೂಕು, ಸ್ವಲ್ಪ ಉಳಿದರೂ ತಡೆಯದು.

ಸೀಗೆ, ಅಂಟುವಾಳದ ವಿಷಯ ಇನ್ನೂ ಗಂಭೀರ. ಅವುಗಳ ನೊರೆಗೆ ಕಾರಣ ಸಪೋನಿನ್ ಎಂಬ ಅಂಶ. ನಮ್ಮ ತಲೆಗೂದಲಿಗೆ ಒಳ್ಳೆಯದು, ಮೀನಿಗೆ ವಿಷ. ಸಪೋನಿನ್ ಇರುವ ಕಾಯಿ, ತೊಗಟೆಯನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಹಳೆಯ ರೂಢಿ ಹಲವು ಕಡೆ ಇದೆ. ಗಿಡದ್ದು ಅಂದ ಮಾತ್ರಕ್ಕೆ ಮೀನಿಗೆ ಒಗ್ಗುತ್ತದೆ ಅಂತಿಲ್ಲ.

ಒಂದು ಭಾನುವಾರ ಕೂತು ಎಲ್ಲಾ ಕಲ್ಲನ್ನೂ ಫಳಫಳ ಹೊಳೆಯೋ ಹಾಗೆ ತೊಳೆದುಬಿಡಲಾ?

ದಯವಿಟ್ಟು ಬೇಡ. ಈ ತಪ್ಪು ನಾನು ಮಾಡಿದ್ದೇನೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಗೆ ಜನ ಬರುವವರಿದ್ದರು. ಹಿಂದಿನ ದಿನ ಮೂರಡಿ ಟ್ಯಾಂಕಿನ ಕಲ್ಲು, ಜಲ್ಲಿ, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ಇಟ್ಟು ತಿಕ್ಕಿ ತಿಕ್ಕಿ ತೊಳೆದೆ. ಹಬ್ಬದ ದಿನ ಬಂದವರೆಲ್ಲ ಹೊಗಳಿದರು. ಮೂರನೇ ದಿನ ಬೆಳಗ್ಗೆ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಟೆಟ್ರಾ ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. 11ರಲ್ಲಿ ಉಳಿದದ್ದು 4.

ಆದದ್ದು ಇಷ್ಟು. ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಅಷ್ಟಾಗಿ ಅಲ್ಲ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರುವುದು ತೀರಾ ಕಡಿಮೆ. ಫಿಲ್ಟರಿನ ಸ್ಪಂಜು, ಜಲ್ಲಿ, ಕಲ್ಲಿನ ಮೈ ಇವೇ ಅದರ ಮನೆ. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ. ಒಂದೇ ದಿನದಲ್ಲಿ ನಾನು ಮೂರೂ ಮನೆಯನ್ನು ಖಾಲಿ ಮಾಡಿದ್ದೆ.

ಹಾಗಾಗಿ ಒಂದು ಸಲಕ್ಕೆ ಮೂರನೇ ಒಂದು ಭಾಗದ ಕಲ್ಲು ಸಾಕು. ಉಳಿದದ್ದು ಎರಡು ವಾರ ಬಿಟ್ಟು. ಕಲ್ಲು ತೊಳೆದ ವಾರ ಫಿಲ್ಟರ್ ಮುಟ್ಟಬೇಡಿ.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಕ್ಯಾಲೆಂಡರ್ ನೋಡಿ ತೊಳೆಯುವ ಕೆಲಸ ಇದಲ್ಲ. ಕಣ್ಣಿಗೆ ಜಾಸ್ತಿ ಅನ್ನಿಸಿದಾಗ ತೊಳೆಯಿರಿ. ಹದಕ್ಕೆ ಬಂದ ಟ್ಯಾಂಕಿನಲ್ಲಿ ತಿಂಗಳಿಗೊಮ್ಮೆ ಎರಡು ಮೂರು ಕಲ್ಲು ಉಜ್ಜಿದರೆ ಧಾರಾಳ.

ತಳದ ಜಲ್ಲಿಕಲ್ಲಿಗೂ ಪಾಚಿ ಹಿಡಿದಿದೆ. ಅದನ್ನೆಲ್ಲ ಬಾಚಿ ತೆಗೀಬೇಕಾ?

ಬೇಡ. ಪೈಪಿನ ತುದಿಯನ್ನು ಜಲ್ಲಿಯೊಳಗೆ ಒಂದಿಂಚು ಚುಚ್ಚಿ ನೀರು ಎಳೆದರೆ ಕೊಳೆ ಮಾತ್ರ ಮೇಲೆ ಬರುತ್ತದೆ, ಕಲ್ಲು ತೂಕಕ್ಕೆ ಕೆಳಗೇ ಉಳಿಯುತ್ತದೆ. ಮೇಲ್ಪದರದ ಹಸಿರು ಜಲ್ಲಿಯನ್ನು ಕೈಯಲ್ಲಿ ಕಲಸಿ ಕೆಳಗೆ ಮಾಡಿದರೆ ಬೆಳಕಿಲ್ಲದೆ ಆ ಪಾಚಿ ಸಾಯುತ್ತದೆ. ಒಂದು ಸಲಕ್ಕೆ ಟ್ಯಾಂಕಿನ ಒಂದು ಮೂಲೆ ಮಾಡಿ.

## ಬ್ರಷ್ಷಿಗೆ ಬಗ್ಗದ ಪಾಚಿ

ಕಲ್ಲನ್ನು ಕುದಿಸಿದ್ರೆ ಪಾಚಿ ಬುಡಸಮೇತ ಸಾಯುತ್ತೆ ಅಂತಾರೆ. ನಿಜಾನಾ?

ಪಾಚಿ ಸಾಯುತ್ತದೆ ನಿಜ. ಆದರೆ ಕಲ್ಲು ಸಿಡಿಯುವ ಅಪಾಯ ಇದೆ. ವರ್ಷಗಟ್ಟಲೆ ನೀರಲ್ಲಿದ್ದ ಕಲ್ಲಿನ ಬಿರುಕಿನೊಳಗೆ ನೀರು ಸೇರಿರುತ್ತದೆ. ಕಾಯಿಸಿದಾಗ ಅದು ಆವಿಯಾಗಿ ಹೊರಗೆ ಬರಲು ದಾರಿ ಸಿಗದಿದ್ದರೆ ಕಲ್ಲನ್ನೇ ಒಡೆಯುತ್ತದೆ. ಒಲೆ ಮೇಲೆ, ಓವನ್ನಿನಲ್ಲಿ, ಮೈಕ್ರೋವೇವಿನಲ್ಲಿ ಕಲ್ಲು ಇಡಲೇಬೇಡಿ.

ಕಲ್ಲನ್ನು ಬಕೆಟ್ಟಿನಲ್ಲಿ ಇಟ್ಟು, ಸ್ನಾನಕ್ಕೆ ಕಾಯಿಸುವುದಕ್ಕಿಂತ ಚೆನ್ನಾಗಿ ಕಾದ ನೀರು ಸುರಿದು, ಆರುವ ತನಕ ಹಾಗೇ ಬಿಡಿ. ಆಮೇಲೆ ಉಜ್ಜಿ. ಬಿಸಿ ಕಲ್ಲಿನ ಮೇಲೆ ತಣ್ಣೀರು ಹಾಕಬೇಡಿ. ಪ್ಲಾಸ್ಟಿಕ್, ರೆಸಿನ್‌ನಿಂದ ಮಾಡಿದ ನಕಲಿ ಕಲ್ಲಿಗೆ ಬಿಸಿನೀರೂ ಬೇಡ, ಬಣ್ಣ ಏಳುತ್ತದೆ.

ವಿನೆಗರ್ ಅಥವಾ ನಿಂಬೆಹಣ್ಣು ಹಾಕಿ ಉಜ್ಜಬಹುದಾ? ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಾಕ್ತೀವಲ್ಲ, ಹಾಗೆ.

ಯಾವ ಕಲ್ಲು ಅನ್ನುವುದರ ಮೇಲೆ ಹೋಗುತ್ತದೆ. ಕಲ್ಲಿನ ಒಣಗಿದ ಜಾಗವನ್ನು ಮೊಳೆಯಿಂದ ಸ್ವಲ್ಪ ಕೆರೆದು ಎರಡು ಹನಿ ವಿನೆಗರ್ ಬಿಡಿ. ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಚುಂಯ್ ಅನ್ನುತ್ತದಾ? ಗುಳ್ಳೆ ಏಳುತ್ತದಾ? ಹಾಗಾದರೆ ಅದು ಸುಣ್ಣದ ಕಲ್ಲು. ನಮ್ಮಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಕಪ್ಪು ಕಡಪ ಕಲ್ಲು, ಮಾರ್ಬಲ್ ಎಲ್ಲ ಈ ಜಾತಿಗೇ ಸೇರಿದ್ದು. ಅಂಗಡಿಯಲ್ಲಿ ದುಬಾರಿಗೆ ಸಿಗುವ ಸೈರ್ಯು ಕಲ್ಲಿನಲ್ಲೂ ಸುಣ್ಣದ ಅಂಶ ಇದೆ. ಇವಕ್ಕೆ ಹುಳಿ ತಾಗಿಸಿದರೆ ಮೈ ಕರಗಿ ಒರಟಾಗುತ್ತದೆ, ಒರಟಾದ ಮೈಗೆ ಪಾಚಿ ಇನ್ನೂ ಚೆನ್ನಾಗಿ ಅಂಟುತ್ತದೆ.

ಗ್ರಾನೈಟ್, ಬೆಣಚುಕಲ್ಲಿಗೆ ವಿನೆಗರ್ ಏನೂ ಮಾಡದು. ಅವುಗಳ ಮೇಲೆ ಬೋರ್ ನೀರಿನ ಬಿಳಿ ಕಲೆ ಕೂತಿದ್ದರೆ ಅದನ್ನು ತೆಗೆಯಲು ವಿನೆಗರ್ ಒಳ್ಳೆಯದು. ಪಾಚಿಗೆ ಅದು ಅಂಥ ಮದ್ದೇನಲ್ಲ. ಇನ್ನು, ಸುಣ್ಣದ ಕಲ್ಲು ನೀರಿನ ಗಡಸುತನವನ್ನೂ ಪಿಎಚ್ ಮಟ್ಟವನ್ನೂ ನಿಧಾನಕ್ಕೆ ಏರಿಸುತ್ತದೆ ಅನ್ನುವುದು ನೆನಪಿರಲಿ. ಆಫ್ರಿಕಾದ ಸಿಕ್ಲಿಡ್ ಸಾಕುವವರಿಗೆ ಅದು ಒಳ್ಳೆಯದೇ, ಟೆಟ್ರಾ ಸಾಕುವವರಿಗೆ ಅಲ್ಲ.

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದಾ? ಎಷ್ಟು?

ಬಳಸಬಹುದು. ನನಗೆ ಎಲ್ಲಕ್ಕಿಂತ ನಂಬಿಕೆ ಇರುವ ದಾರಿ ಇದು, ಯಾಕೆಂದರೆ ಕೊನೆಗೆ ಅದು ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ, ಕಲ್ಲಿನಲ್ಲಿ ಏನೂ ಉಳಿಯುವುದಿಲ್ಲ. ಆದರೆ ಲೇಬಲ್ ಓದಿ. ಹೊರದೇಶದವರು ಹೇಳುವ ಅಳತೆಗಳೆಲ್ಲ 3 ಶೇಕಡಾದ್ದಕ್ಕೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡಾದ್ದು, ಬಾಟಲಿ ಮೇಲೆ 20 ವಾಲ್ಯೂಮ್ ಅಂತಲೂ ಬರೆದಿರುತ್ತದೆ. ಅದಕ್ಕೆ ಸಮಪ್ರಮಾಣ ನೀರು ಸೇರಿಸಿದರೆ 3 ಆಗುತ್ತದೆ.

ಕಲ್ಲನ್ನು ಹೊರಗೆ ತೆಗೆದು, ಕೈಗೆ ಗ್ಲೌಸ್ ಹಾಕಿ, ಪಾಚಿ ಇರುವಲ್ಲಿ ಈ ದ್ರಾವಣವನ್ನು ಬ್ರಷ್ಷಿನಲ್ಲಿ ಹಚ್ಚಿ. ಬುರಬುರನೆ ನೊರೆ ಬರುತ್ತದೆ. 5 ನಿಮಿಷ ಬಿಟ್ಟು ಉಜ್ಜಿ, ಟ್ಯಾಂಕಿನ ನೀರಿನಲ್ಲಿ ಅದ್ದಿ ಜಾಲಿಸಿ ವಾಪಸ್ ಇಡಿ. ಹಚ್ಚಿದ ಜಾಗದ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ, ಆದ್ದರಿಂದ ಇಲ್ಲೂ ಒಂದು ಸಲಕ್ಕೆ ಕೆಲವೇ ಕಲ್ಲು. ಕಲ್ಲಿಗೆ ಜಾವಾ ಮಾಸ್ ಎಂಬ ನೀರುಗಿಡ ಕಟ್ಟಿದ್ದರೆ ಅದರ ಮೇಲೆ ಹಾಕಬೇಡಿ, ಮಾಸ್ ಸುಟ್ಟ ಹಾಗಾಗುತ್ತದೆ.

ಬ್ಲೀಚ್ ಹಾಕಿದ್ರೆ ಒಂದೇ ಏಟಿಗೆ ಹೋಗುತ್ತಂತೆ?

ಹೋಗುತ್ತದೆ. ಆದರೂ ಅದು ಕೊನೆಯ ದಾರಿಯಾಗಿರಲಿ. ಮೀನು ಸತ್ತ ಹಳೆಯ ಟ್ಯಾಂಕಿನ ಕಲ್ಲನ್ನು ಮತ್ತೆ ಬಳಸುವಾಗ, ಅಥವಾ ಬೇರೆಯವರಿಂದ ತಂದ ಕಲ್ಲಿಗೆ ಮಾತ್ರ ನಾನು ಬಳಸುತ್ತೇನೆ.

ವಾಸನೆ ಹಾಕದ, ಸೋಪು ಬೆರೆಸದ ದ್ರವ ಬ್ಲೀಚ್ ತೆಗೆದುಕೊಳ್ಳಿ. 1 ಪಾಲು ಬ್ಲೀಚಿಗೆ 20 ಪಾಲು ನೀರು, 15 ನಿಮಿಷ. ಬಯಲಲ್ಲಿ ಮಾಡಿ. ಆಮೇಲೆ ಚೆನ್ನಾಗಿ ಜಾಲಿಸಿ, ಆಂಟಿಕ್ಲೋರಿನ್ (ನೀರಿನ ಕ್ಲೋರಿನ್ ತೆಗೆಯುವ ದ್ರಾವಣ) ಎರಡು ಪಟ್ಟು ಹಾಕಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ. ಮೂಗಿಗೆ ಹಿಡಿದಾಗ ಚೂರೇ ಚೂರು ವಾಸನೆ ಬಂದರೂ ಟ್ಯಾಂಕಿಗೆ ಇಡಬೇಡಿ. ಲಾವಾ ಕಲ್ಲು, ನಮ್ಮ ಕರಾವಳಿಯ ಕೆಂಪು ಮುರಕಲ್ಲು ಇವು ಸ್ಪಂಜಿನ ಹಾಗೆ ಹೀರಿಕೊಳ್ಳುತ್ತವೆ, ಇವಕ್ಕೆ ಬ್ಲೀಚ್ ಬೇಡ. ಬ್ಲೀಚಿಂಗ್ ಪೌಡರ್ ಆದರೆ ಸುಣ್ಣದ ಗಸಿ ಉಳಿಯುತ್ತದೆ, ಅದೂ ಬೇಡ.

ಇದೊಂದು ಮಾತು ಮರೆಯಬೇಡಿ: ಬ್ಲೀಚಿನ ಜೊತೆ ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಅದು ಮನುಷ್ಯರ ಶ್ವಾಸಕೋಶಕ್ಕೇ ಕುತ್ತು.

ಹಸಿರು ಚುಕ್ಕೆ ಚುಕ್ಕೆ. ಉಜ್ಜಿ ಉಜ್ಜಿ ಕೈ ಸೋತ್ರೂ ಹೋಗ್ತಿಲ್ಲ.

ಅದು ಗ್ರೀನ್ ಸ್ಪಾಟ್ ಪಾಚಿ. ನುಣುಪು ಕಲ್ಲಾದರೆ ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆಯಿರಿ. ಒರಟು ಕಲ್ಲಿನಲ್ಲಿ ನೆರೈಟ್ ಬಸವನಹುಳು ಬಿಡಿ, ಬ್ರಷ್ಷಿಗೆ ಬಾರದ್ದನ್ನು ಅದರ ನಾಲಿಗೆ ಕೆರೆಯುತ್ತದೆ. ಕಲ್ಲಿನ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆ ಅಂಟಿಸುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಸಿಹಿನೀರಿನಲ್ಲಿ ಅದರ ಮರಿಗಳು ಬೆಳೆಯುವುದಿಲ್ಲ, ಹಾಗಾಗಿ ಟ್ಯಾಂಕ್ ತುಂಬಿಹೋಗುವ ಭಯ ಇಲ್ಲ. ಗಿಡ ಜಾಸ್ತಿ ಇರುವ ಟ್ಯಾಂಕಿನಲ್ಲಿ ಬೆಳಕು ಹೆಚ್ಚಾಗಿ ಫಾಸ್ಫೇಟ್ ತೀರಾ ಕಡಿಮೆಯಾದಾಗಲೂ ಈ ಪಾಚಿ ಬರುತ್ತದೆ.

ಕಪ್ಪು ಗಡ್ಡದ ಹಾಗೆ ಕುಚ್ಚು ಕುಚ್ಚು ಬೆಳೆದಿದೆ. ಇದು ಯಾವ ಪಾಚಿ?

ಎಲ್ಲರೂ ಬ್ಲ್ಯಾಕ್ ಬಿಯರ್ಡ್ ಅನ್ನುವುದು ಇದಕ್ಕೇ. ನೋಡಲು ಕಪ್ಪಗಿದ್ದರೂ ಇದು ಕೆಂಪು ಪಾಚಿಯ ಕುಲದ್ದು. ಕೊಳೆ ಹೆಚ್ಚಿದ್ದಲ್ಲಿ, ಇಂಗಾಲದ ಡೈಆಕ್ಸೈಡ್ ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆಗುವಲ್ಲಿ ಹೆಚ್ಚು ಬರುತ್ತದೆ. ಬರೀ ಉಜ್ಜಿದರೆ ಬುಡ ಉಳಿದು ಮತ್ತೆ ಚಿಗುರುತ್ತದೆ. ಮೇಲೆ ಹೇಳಿದ ಪೆರಾಕ್ಸೈಡ್ ಹಚ್ಚಿ ವಾಪಸ್ ಇಟ್ಟು ಎರಡು ಮೂರು ದಿನ ಕಾಯಿರಿ. ಕಪ್ಪು ಕುಚ್ಚು ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿದೆ ಅಂತ ಅರ್ಥ. ಸಯಾಮೀಸ್ ಆಲ್ಗೀ ಈಟರ್ ಇದನ್ನು ತಿನ್ನುವ ಅಪರೂಪದ ಮೀನು. ಆದರೆ ಅದು ಅರ್ಧ ಅಡಿ ಬೆಳೆಯುತ್ತದೆ, ಸಣ್ಣ ಟ್ಯಾಂಕಿಗೆ ತರಬೇಡಿ.

ನೀಲಿ ಹಸಿರು ಲೋಳೆ, ಕೈಯಲ್ಲಿ ಎಳೆದ್ರೆ ಚಾಪೆ ಹಾಗೆ ಎದ್ದು ಬರುತ್ತೆ, ಕೆಟ್ಟ ವಾಸನೆ ಬೇರೆ.

ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಪಾಚಿ ತಿನ್ನುವ ಹೆಚ್ಚಿನ ಮೀನುಗಳು ಇದನ್ನು ಮೂಸಿಯೂ ನೋಡುವುದಿಲ್ಲ. ಕಲ್ಲನ್ನು ಹೊರಗೆ ತೆಗೆದೇ ತೊಳೆಯಿರಿ, ಒಳಗೇ ಉಜ್ಜಿದರೆ ಚೂರುಗಳು ಎಲ್ಲ ಕಡೆ ಹರಡುತ್ತವೆ. ಉಳಿದದ್ದನ್ನು ಪೈಪಿನಿಂದ ಎಳೆದು ತೆಗೆದು, ಲೈಟ್ ಆರಿಸಿ, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ 3 ದಿನ ಕತ್ತಲಲ್ಲಿಡಿ. ಗಾಳಿಯ ಪಂಪ್ ನಿಲ್ಲಿಸಬೇಡಿ. ಆಮೇಲೆ ಮೂರನೇ ಒಂದು ಭಾಗ ನೀರು ಬದಲಾಯಿಸಿ. ನೀರು ಓಡಾಡದ ಮೂಲೆಗಳಲ್ಲೇ ಇದು ಹೆಚ್ಚು, ಹಾಗಾಗಿ ಫಿಲ್ಟರಿನ ಮುಖವನ್ನು ಆ ಕಡೆಗೆ ತಿರುಗಿಸಿ. ಆ್ಯಂಟಿಬಯಾಟಿಕ್ ಹಾಕುವ ಸಲಹೆ ಕೊಡುವವರಿದ್ದಾರೆ, ನಾನು ಒಪ್ಪುವುದಿಲ್ಲ.

## ಮತ್ತೆ ಬಾರದ ಹಾಗೆ

ತೊಳೆದು ಒಂದು ವಾರಕ್ಕೆ ಮತ್ತೆ ಅದೇ ಹಾಡು. ಎಲ್ಲಿ ತಪ್ತಿದೀನಿ?

ಲೈಟು ಎಷ್ಟು ಹೊತ್ತು ಉರಿಯುತ್ತದೆ? ಈ ಪ್ರಶ್ನೆಗೆ ಬರುವ ಉತ್ತರ ಹೆಚ್ಚಾಗಿ "ಬೆಳಗ್ಗೆ ಹಾಕಿ ರಾತ್ರಿ ಮಲಗುವಾಗ ಆರಿಸ್ತೀವಿ" ಅಂತ. ಅಂದರೆ 14 ಗಂಟೆ! 6ರಿಂದ 8 ಗಂಟೆ ಸಾಕು. ಪ್ಲಗ್ಗಿಗೆ ಹಾಕುವ ಟೈಮರ್ ಒಂದು ತಂದರೆ ಅರ್ಧ ಸಮಸ್ಯೆ ಮುಗಿಯಿತು. ಟ್ಯಾಂಕಿನ ಮೇಲೆ ಕಿಟಕಿಯ ನೇರ ಬಿಸಿಲು ಬೀಳುತ್ತಿದ್ದರೆ ಪರದೆ ಹಾಕಿ, ಇಲ್ಲವೇ ಟ್ಯಾಂಕಿನ ಜಾಗ ಬದಲಿಸಿ.

ಎರಡನೆಯದು ಊಟ. ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಕಾಳು ಹಾಕಿ. ಮನೆಯಲ್ಲಿ ಅಜ್ಜ, ಮೊಮ್ಮಗಳು, ಅಮ್ಮ ಮೂವರೂ ಒಬ್ಬರಿಗೆ ಗೊತ್ತಿಲ್ಲದೆ ಒಬ್ಬರು ಹಾಕುತ್ತಿರುತ್ತಾರೆ. ಪ್ರೀತಿಯಿಂದಲೇ ಹಾಕುವುದು, ಆದರೆ ಉಳಿದ ಕಾಳೆಲ್ಲ ಕಲ್ಲಿನ ಸಂದಿಗೆ ಇಳಿದು ಕೊಳೆತು ಪಾಚಿಗೆ ಗೊಬ್ಬರ. ದಿನದ ಪಾಲನ್ನು ಬೆಳಗ್ಗೆಯೇ ಒಂದು ಪುಟ್ಟ ಡಬ್ಬಿಗೆ ತೆಗೆದಿಡಿ. ಡಬ್ಬಿ ಖಾಲಿ ಆದರೆ ಮೀನಿನ ಊಟ ಆಯಿತು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಇವೆರಡೂ ಸರಿಯಿದ್ದು, ವಾರಕ್ಕೆ ಕಾಲುಭಾಗ ನೀರು ಬದಲಾಯಿಸಿಯೂ ಪಾಚಿ ನಿಲ್ಲದಿದ್ದರೆ ನೀರನ್ನೇ ಪರೀಕ್ಷಿಸಿ. ಕೆಲವು ಕಡೆ ಬೋರ್ ನೀರಿನಲ್ಲೇ ನೈಟ್ರೇಟ್ ಹೆಚ್ಚಿರುತ್ತದೆ. ಆಗ ನೀರು ಬದಲಿಸಿದಷ್ಟೂ ಗೊಬ್ಬರ ಹಾಕಿದಂತೆಯೇ. ಬೇಗ ಬೆಳೆಯುವ ಗಿಡ ಸೇರಿಸಿ, ಮನಿಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಡಿ. ಪಾಚಿಯ ಪಾಲನ್ನು ಅವು ಕುಡಿಯುತ್ತವೆ.

ಅಂಗಡಿಯವರು ಸಕ್ಕರ್ ಮೀನು ಬಿಡಿ, ಎಲ್ಲಾ ಕ್ಲೀನ್ ಮಾಡುತ್ತೆ ಅಂದ್ರು. ಬಿಡಲಾ?

ಅಂಗಡಿಯಲ್ಲಿ ಎರಡಿಂಚು ಇರುವ ಆ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಮರಿಯಿದ್ದಾಗ ಪಾಚಿ ತಿನ್ನುತ್ತದೆ, ದೊಡ್ಡದಾದಂತೆ ಕಾಳಿಗೇ ಬಾಯಿ ಹಾಕುತ್ತದೆ, ತಾನೇ ರಾಶಿ ಹೊಲಸು ಮಾಡುತ್ತದೆ. ಟ್ಯಾಂಕಿಗೆ ಹಿಡಿಸದಾದಾಗ ಜನ ಕೆರೆಗೆ ಬಿಡುತ್ತಾರೆ. ಹೀಗೆ ಬಿಟ್ಟ ದಕ್ಷಿಣ ಅಮೆರಿಕದ ಮೀನು ಈಗ ದಕ್ಷಿಣ ಭಾರತದ ಹಲವು ನೀರಿನ ನೆಲೆಗಳಲ್ಲಿ ಬೇರೂರಿ, ಊರ ಮೀನುಗಳ ಆಹಾರ ಕಸಿಯುತ್ತಿದೆ. ಮೀನುಗಾರರ ಬಲೆಯನ್ನೂ ಅದರ ಮುಳ್ಳು ಹರಿಯುತ್ತದೆ. ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ.

ಬದಲಿಗೆ ಬ್ರಿಸಲ್‌ನೋಸ್ ಪ್ಲೆಕೊ ಕೇಳಿ, ಐದಾರು ಇಂಚಿಗೆ ನಿಲ್ಲುತ್ತದೆ. ಸಣ್ಣ ಟ್ಯಾಂಕಾದರೆ ಓಟೊಸಿಂಕ್ಲಸ್ (ಓಟೊ) ಎಂಬ ಪುಟ್ಟ ಮೀನು ಐದಾರರ ಗುಂಪು, ಇಲ್ಲವೇ ಅಮಾನೊ ಸಿಗಡಿ. ಟ್ಯಾಂಕ್ ಹಳೆಯದಾಗಿ ಪಾಚಿ ಬಂದ ಮೇಲೆಯೇ ಓಟೊ ತನ್ನಿ, ಹೊಸ ಟ್ಯಾಂಕಿನಲ್ಲಿ ಹಸಿವಿನಿಂದ ಸಾಯುತ್ತದೆ.

ಪಾಚಿ ಔಷಧಿ ಅಂತ ಬಾಟಲಿ ಸಿಗುತ್ತಲ್ಲ?

ಹಲವದರಲ್ಲಿ ತಾಮ್ರದ ಅಂಶ ಇರುತ್ತದೆ. ಸಿಗಡಿ, ಬಸವನಹುಳು ಎರಡೂ ಅದಕ್ಕೆ ಸಾಯುತ್ತವೆ. ಸತ್ತ ಪಾಚಿ ಒಟ್ಟಿಗೇ ಕೊಳೆತು ನೀರಿನ ಆಮ್ಲಜನಕ ಇಳಿಯುತ್ತದೆ. ನಾನು ತರುವುದಿಲ್ಲ.

ಹೊಳೆಯಿಂದ ಕಲ್ಲು ತಂದಿದೀನಿ. ಹಾಗೇ ಹಾಕಬಹುದಾ?

ಅಭಯಾರಣ್ಯದೊಳಗಿನಿಂದ ಒಂದು ಕಲ್ಲೂ ತರಬೇಡಿ. ಉಳಿದ ಕಡೆಯಿಂದ ತಂದದ್ದಾದರೆ ಮೊದಲು ವಿನೆಗರ್ ಪರೀಕ್ಷೆ, ಆಮೇಲೆ ಬಿಸಿನೀರು, ಆಮೇಲೆ ಒಂದು ವಾರ ಬಿಸಿಲು. ತುಕ್ಕಿನ ಗೆರೆ ಅಥವಾ ಲೋಹದ ಹೊಳಪಿನ ಎಳೆ ಕಂಡರೆ ಆ ಕಲ್ಲು ಬೇಡ.

## ಅನುಭವ ಇದ್ದವರಿಗೆ

ಉಪ್ಪುನೀರಿನ ಟ್ಯಾಂಕಿನ ಲೈವ್ ರಾಕ್‌ಗೂ ಬಿಸಿನೀರು ಹಾಕಬಹುದಾ?

ಖಂಡಿತ ಹಾಕಬೇಡಿ. ಲೈವ್ ರಾಕ್ ಅಂದರೆ ಸಮುದ್ರದ ಜೀವಿಗಳು ನೆಲೆಸಿದ ಕಲ್ಲು. ಅದರ ಮೇಲೆ ಬೆಳೆಯುವ, ಹವಳದ ಬಳಗಕ್ಕೆ ಸೇರಿದ ಕೆಲವು ಜೋಆಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕುದಿಯುವ ನೀರು ಸುರಿದಾಗ ಅದು ಹಬೆಯ ಜೊತೆ ಗಾಳಿಗೆ ಸೇರುತ್ತದೆ. ಹೀಗೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಒಣಗಿದ ಕಲ್ಲನ್ನು ಒರಟಾಗಿ ಕೆರೆದು ಧೂಳು ಎಬ್ಬಿಸುವುದೂ ಅಪಾಯ. ಗ್ಲೌಸ್, ಕನ್ನಡಕ ಹಾಕಿ, ಟ್ಯಾಂಕಿನಿಂದ ತೆಗೆದ ಉಪ್ಪುನೀರಿನೊಳಗೇ ಕಲ್ಲು ಮುಳುಗಿಸಿ ಮೆಲ್ಲಗೆ ಉಜ್ಜಿ. ಕೈಯಲ್ಲಿ ಗಾಯ ಇದ್ದರೆ ಆ ದಿನ ಬೇಡ. ಸಿಹಿನೀರಿನಲ್ಲಿ ತೊಳೆದರೆ ಕಲ್ಲಿನ ಜೀವಗಳೆಲ್ಲ ಸಾಯುತ್ತವೆ.

ನಂದು ಉಲ್ಟಾ ಸಮಸ್ಯೆ. ಪಾಚಿ ತಿನ್ನೋ ಮೀನು ತಂದು ಕಲ್ಲೆಲ್ಲ ಬೋಳಾಗಿದೆ. ಈಗ ಅವಕ್ಕೆ ಏನು ಹಾಕಲಿ?

ಪಾಚಿ ಬೆಳೆಸಿ! ಒಂದೇ ಅಳತೆಯ ಏಳೆಂಟು ನುಣುಪು ಕಲ್ಲು ತೆಗೆದುಕೊಳ್ಳಿ. ಬಿಳಿ ಬಕೆಟ್ಟಿನಲ್ಲಿ ಟ್ಯಾಂಕಿನಿಂದ ತೆಗೆದ ಹಳೆಯ ನೀರು ಹಾಕಿ, ಅರ್ಧ ಕಲ್ಲುಗಳನ್ನು ಮುಳುಗಿಸಿ ತಾರಸಿಯ ಬಿಸಿಲಲ್ಲಿಡಿ. ಬಕೆಟ್ಟಿನ ಬಾಯಿಗೆ ಸೊಳ್ಳೆಪರದೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನಾವೇ ಜಾಗ ಕೊಟ್ಟಂತೆ. ಎರಡು ವಾರದೊಳಗೆ ಕಲ್ಲಿಗೆ ಹಸಿರು ಮಖಮಲ್ಲು ಬರುತ್ತದೆ. ಅದನ್ನು ಟ್ಯಾಂಕಿಗೆ ಇಟ್ಟು ಬೋಳಾದ ಕಲ್ಲನ್ನು ಬಕೆಟ್ಟಿಗೆ ಹಾಕಿ, ಹೀಗೆ ಅದಲುಬದಲು ಮಾಡುತ್ತಿರಿ. ಮೋಡದ ದಿನಗಳಲ್ಲಿ ಸೌತೆಕಾಯಿಯ ಬಿಲ್ಲೆಯೊಂದನ್ನು ಕಲ್ಲಿಗೆ ಕಟ್ಟಿ ಇಳಿಬಿಟ್ಟು, ಮರುದಿನ ಉಳಿದದ್ದನ್ನು ತೆಗೆಯಿರಿ.

ಪಶ್ಚಿಮಘಟ್ಟದ ಹಳ್ಳಗಳಲ್ಲಿ ಗರ್ರಾ ಮೀನು ಬಂಡೆಗೆ ಬಾಯಿ ಅಂಟಿಸಿ ಪಾಚಿ ಕೆರೆಯುವುದನ್ನು ನೀವು ನೋಡಿರಬಹುದು. ಹಸಿರು ಕಲ್ಲು ಇಟ್ಟ ರಾತ್ರಿ ಟಾರ್ಚ್ ಹಿಡಿದು ನಿಮ್ಮ ಟ್ಯಾಂಕನ್ನೂ ನೋಡಿ. ಕಲ್ಲಿನ ಮೇಲೆ ಬ್ರಿಸಲ್‌ನೋಸ್ ಬಾಯಿಯ ಅಗಲಕ್ಕೆ ಒಂದೊಂದೇ ಗೆರೆ ಬೀಳುತ್ತಾ ಹೋಗಿರುತ್ತದೆ, ಗದ್ದೆಯಲ್ಲಿ ನೇಗಿಲ ಸಾಲು ಹೊಡೆದ ಹಾಗೆ.